ಆಯಿಗೆ ಗರ್ಭಕೋಶ ಜಾರಿದೆ, ಆಪರೇಷನ್ನೇ ಬೇಕಾ?

ಸೊಪ್ಪಿನಬೆಟ್ಟ:
ಶಿರಸಿ ಹತ್ತಿರದ ಹಳ್ಳಿ ನಮ್ಮದು. ಆಯಿಗೆ 64. ನಾಲ್ಕು ಹೆರಿಗೆ, ಜೀವನವಿಡೀ ಸೊಪ್ಪಿನ ಹೊರೆ, ಅಡಿಕೆ ಚೀಲ. ಸಂಜೆಯಾದರೆ ಕೆಳಗೆ ಗಡ್ಡೆ ಇಳಿದ ಹಾಗಾಗುತ್ತದೆ, ಬೆರಳಿಂದ ಒಳಗೆ ತಳ್ಳಿಕೊಂಡೇ ಉಚ್ಚೆ ಮಾಡಬೇಕು ಅಂತ ಮೊನ್ನೆಯಷ್ಟೇ ಬಾಯಿಬಿಟ್ಟರು. ಯಾವಾಗಿಂದ ಅಂದರೆ "ನಿನ್ನ ತಮ್ಮನ ಮದುವೆ ಆದಾಗಿಂದ". ಆರು ವರ್ಷ! ತೋರಿಸಿದ ಕಡೆ ಎರಡು ನಿಮಿಷ ನೋಡಿ ಗರ್ಭಕೋಶ ತೆಗೆಸಿ ಅಂದರು. ಬೇರೆ ದಾರಿ ಇಲ್ವಾ?

ಕುಮಟಾ ಸೊಸೆ:
ಇದೆ. ಪೆಸ್ಸರಿ ಅಂತ ಸಿಲಿಕೋನ್ ರಿಂಗ್, ನೋಡಲಿಕ್ಕೆ ದಪ್ಪ ಬಳೆ ಥರ. ಅದನ್ನು ಒಳಗೆ ಕೂರಿಸಿದರೆ ಜಾರಿದ್ದು ಮೇಲೆ ನಿಲ್ಲುತ್ತದೆ. ನಮ್ಮ ಅತ್ತೆಗೆ ಮೊದಲು ಹಾಕಿದ್ದು ಕುಕ್ಕರುಗಾಲಲ್ಲಿ ಕೂತ ಕೂಡಲೇ ಬಿದ್ದೇಹೋಯ್ತು, ಒಂದು ಸೈಜ್ ದೊಡ್ಡದು ಹಾಕಿದ ಮೇಲೆ ಸರಿಯಾಯ್ತು. ಆಗಾಗ ಹೋಗಿ ತೆಗೆಸಿ, ತೊಳೆಸಿ, ಒಳಗೆ ಹುಣ್ಣಾಗಿಲ್ಲ ಅಂತ ನೋಡಿಸಬೇಕು, ಅದಕ್ಕೆ ಸೋಮಾರಿತನ ಮಾಡಬೇಡಿ. ಈಗ ಅತ್ತೆ ಮೀನು ತರಲಿಕ್ಕೆ ತಾವೇ ಹೋಗುತ್ತಾರೆ.

ಕಾರವಾರದ ಫಿಸಿಯೋ:
ಕೆಗೆಲ್ ವ್ಯಾಯಾಮವೂ ಇದೆ, ಗರ್ಭಕೋಶಕ್ಕೆ ಕೆಳಗಿಂದ ಆಸರೆ ಕೊಡುವ ಸ್ನಾಯು ಗಟ್ಟಿಮಾಡಲಿಕ್ಕೆ. 1948ರಲ್ಲಿ ಅಮೆರಿಕದ ಡಾಕ್ಟರ್ ಆರ್ನಲ್ಡ್ ಕೆಗೆಲ್ ಬರೆದದ್ದು. ಹೂಸು ತಡೆಯುವ ಹಾಗೆ ಬಿಗಿಹಿಡಿದು ಮೇಲಕ್ಕೆ ಎಳೆಯಬೇಕು, ಉಸಿರು ಕಟ್ಟಬಾರದು. ಸುಮಾರು ಜನ ಕೆಳಗೆ ಮುಕ್ಕುತ್ತಾರೆ, ಅದು ಉಲ್ಟಾ! ಸಲಕ್ಕೆ ಎಂಟು, ದಿನಕ್ಕೆ ಮೂರು ಸಲ, ನಾಲ್ಕು ತಿಂಗಳಾದರೂ. ಆದರೆ ನಿಜ ಹೇಳಬೇಕಲ್ವಾ, ಆಯಿಗೆ ಆದಷ್ಟು ಹೊರಗೆ ಬಂದದ್ದು ಬರೀ ವ್ಯಾಯಾಮದಿಂದ ಮೇಲೆ ಹೋಗುವುದಿಲ್ಲ. ಮಲಬದ್ಧತೆ, ಹಳೇ ಕೆಮ್ಮು ಇದ್ದರೆ ಅದಕ್ಕೂ ಮದ್ದು ಮಾಡಿ. ಉಚ್ಚೆ ಪೂರ್ತಿ ಕಟ್ಟಿದರೆ ಅಥವಾ ರಕ್ತ ಕಂಡರೆ ಕಾಯಬೇಡಿ.

ಅಂಕೋಲೆಯವಳು:
ನಾನು ಆಪರೇಷನ್ ಮಾಡಿಸಿಕೊಂಡವಳು, ಬೇಜಾರಿಲ್ಲ. ಆದರೆ ಗರ್ಭಕೋಶ ತೆಗೆದರಷ್ಟೇ ಮುಗಿಯುವುದಿಲ್ಲ, ಸಡಿಲ ಆದದ್ದು ಅದನ್ನು ಹಿಡಿದಿಟ್ಟ ಕಟ್ಟು. ಕಟ್ಟು ಸರಿಮಾಡದಿದ್ದರೆ ಆಮೇಲೆ ಮೂತ್ರಚೀಲ ಜಾರಬಹುದು. ಎಲ್ಲೆಲ್ಲಿ ಹೊಲಿಯುತ್ತೀರಿ, ಗರ್ಭಕೋಶ ಉಳಿಸಿ ಮೇಲೆ ಕಟ್ಟಲಿಕ್ಕೆ ಆಗುತ್ತದಾ, ಮೆಶ್ (ಆಸರೆಗೆ ಒಳಗೆ ಕೂರಿಸುವ ಪ್ಲಾಸ್ಟಿಕ್ ಬಲೆ) ಹಾಕುತ್ತೀರಾ ಅಂತ ಕೇಳಿಯೇ ಕೇಳಿ. ಇದಕ್ಕೇ ಅಂತ ಯೋನಿ ಮೂಲಕ ಕೂರಿಸುವ ಮೆಶ್ ಮಾರಾಟವನ್ನು ಅಮೆರಿಕದ ಔಷಧಿ, ವೈದ್ಯಕೀಯ ಉಪಕರಣಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರಲ್ಲಿ ನಿಲ್ಲಿಸಿತು. ಆಪರೇಷನ್ ಆದಮೇಲೆ ಆರು ವಾರ ಭಾರ ಎತ್ತುವ ಹಾಗಿಲ್ಲ. ನಾನು ಕೊಡಪಾನ ಮುಟ್ಟಿದರೆ ಮಗಳು ಬೈಯುತ್ತಿದ್ದಳು.

ಸೊಪ್ಪಿನಬೆಟ್ಟ:
ಎಲ್ಲಾ ಓದಿ ಹೇಳಿದೆ. ಬಳೆ ಅಂದಾಗ ಆಯಿ ನಕ್ಕರು, ಅಡ್ಡಿಲ್ಲ, ಮೊದಲು ಅದನ್ನೇ ನೋಡುವ ಅಂದರು. ಬೇರೆ ಡಾಕ್ಟರ ಹತ್ತಿರ ಸೋಮವಾರ ಹೋಗುತ್ತೇವೆ. ಸೊಪ್ಪಿನ ಹೊರೆ ಬಿಡಿ ಅಂದದ್ದಕ್ಕೆ ಮಾತ್ರ ಹೂಂ ಅನ್ನಲಿಲ್ಲ.