ಸಹಾಯ ಬೇಕು: ಐಸ್ಲಿ ಬ್ರದರ್ಸ್ ಎಲ್‌ಪಿಯಲ್ಲಿ ಮುಳ್ಳು ಹಾರುತ್ತಿದೆ

ಎಲ್ಲರಿಗೂ ನಮಸ್ಕಾರ. ಅಮೆರಿಕದ ಸಂಗೀತ ತಂಡ ಐಸ್ಲಿ ಬ್ರದರ್ಸ್‌ನ 1973ರ ‘3 + 3’ ಆಲ್ಬಮ್‌ನ ಹಳೇ ಎಲ್‌ಪಿ (ಗ್ರಾಮಫೋನ್ ತಟ್ಟೆ) ಸಿಕ್ಕಿದೆ. ಎರಡನೇ ಬದಿಯ ಮೂರನೇ ಹಾಡು ‘ಸಮ್ಮರ್ ಬ್ರೀಜ್’. ಅದರ ಕೊನೆಯಲ್ಲಿ ಎರ್ನಿ ಐಸ್ಲಿಯ ಗಿಟಾರ್ ಶುರುವಾದ ಕೂಡಲೇ ಮುಳ್ಳು ಮುಂದಕ್ಕೆ ಹಾರುತ್ತದೆ. ನನಗೆ ಇಡೀ ಆಲ್ಬಮ್‌ನಲ್ಲಿ ಜಾಸ್ತಿ ಇಷ್ಟವಾದ ಜಾಗವೇ ಅದು!

ಹಾಡುವ ಮೂವರು ಅಣ್ಣಂದಿರ ಜೊತೆ ವಾದ್ಯ ನುಡಿಸುವ ಇಬ್ಬರು ತಮ್ಮಂದಿರು, ಒಬ್ಬ ನೆಂಟ ಕ್ರಿಸ್ ಜಾಸ್ಪರ್ ಸೇರಿದ್ದಕ್ಕೇ ಆಲ್ಬಮ್‌ಗೆ ‘3 + 3’ ಅನ್ನುವ ಹೆಸರು. ಅಣ್ಣಂದಿರಲ್ಲಿ ಒಬ್ಬನಾದ ರೊನಾಲ್ಡ್‌ನ ಮೆತ್ತನೆಯ, ಭಾವ ತುಂಬಿದ ಸೋಲ್ ಶೈಲಿಯ ದನಿ, ಕೆಳಗೆ ತಮ್ಮ ಮಾರ್ವಿನ್‌ನ ಬೇಸ್ ಗಿಟಾರ್‌ನಲ್ಲಿ ಕುಣಿಸುವ ಫಂಕ್ ಲಯ. ಎರಡೂ ಒಂದಕ್ಕೊಂದು ಅಡ್ಡ ಬರುವುದಿಲ್ಲ. ಇದನ್ನು ಫೋನಿನಲ್ಲಿ ಕೇಳಿ ಸಮಾಧಾನ ಆಗುತ್ತಿಲ್ಲ.

ಡಿಸ್ಟಿಲ್ಡ್ ವಾಟರ್, ಮೆತ್ತನೆ ಬಟ್ಟೆಯಿಂದ ಗೆರೆಗಳ ದಿಕ್ಕಿನಲ್ಲೇ ಒರೆಸಿದೆ. ಬೇರೆ ರೆಕಾರ್ಡ್‌ಗಳು ಚೆನ್ನಾಗಿಯೇ ಓಡುತ್ತವೆ. ಬೆಳಕಿಗೆ ಹಿಡಿದರೆ ಆ ಜಾಗದಲ್ಲಿ ಸಣ್ಣ ಗೀರು ಕಾಣುತ್ತದೆ, ಉಗುರಿಗೆ ತಾಗುವುದಿಲ್ಲ.

ಮುಳ್ಳಿನ ಭಾರ ಈಗ 2 ಗ್ರಾಂ ಇದೆ. ಸ್ವಲ್ಪ ಹೆಚ್ಚಿಸಿದರೆ ದಾಟುತ್ತಾ, ಇಲ್ಲಾ ರೆಕಾರ್ಡ್ ಇನ್ನೂ ಸವೆಯುತ್ತಾ? ಆಂಟಿ ಸ್ಕೇಟಿಂಗ್ (ಮುಳ್ಳಿನ ತೋಳು ಒಳಕ್ಕೆ ಎಳೆಯದಂತೆ ತಡೆಯುವ ಹೊಂದಿಕೆ) ಬದಲಿಸಿ ಸರಿ ಮಾಡಿಕೊಂಡವರು ಯಾರಾದರೂ ಇದ್ದೀರಾ? ಬೆಂಗಳೂರಿನಲ್ಲಿ ಎಲ್‌ಪಿಗಳನ್ನು ಮಷಿನ್‌ನಲ್ಲಿ ತೊಳೆದು ಕೊಡುವವರು ಗೊತ್ತಿದ್ದರೆ ದಯವಿಟ್ಟು ತಿಳಿಸಿ.