ಜಠರದ ಕ್ಯಾನ್ಸರ್‌ಗೆ ಸಿಟಿಸಿ ರಕ್ತ ಪರೀಕ್ಷೆ ಮಾಡಿಸಬೇಕಾ?

ಗದಗಿನವ
ನಮ್ಮ ಕಾಕಾಗೆ ಜಠರದ ಕ್ಯಾನ್ಸರ್ ಆಗಿತ್ತು. ಆಪರೇಷನ್ ಆಗಿ ಅರ್ಧ ಜಠರ ತೆಗೆದಿದ್ದಾರೆ, ಕೀಮೋನೂ ಮುಗಿದಿದೆ, ಈಗ ಹುಬ್ಬಳ್ಳಿಗೆ ಚೆಕಪ್‌ಗೆ ಹೋಗುತ್ತಾರೆ. ಪರಿಚಯದವರೊಬ್ಬರು ಸಿಟಿಸಿ ಅಂತ ಟೆಸ್ಟ್ ಇದೆ, ಗಡ್ಡೆಯಿಂದ ಕಳಚಿ ರಕ್ತದಲ್ಲಿ ಓಡಾಡುವ ಕ್ಯಾನ್ಸರ್ ಕಣಗಳನ್ನು ಹಿಡಿದು ಎಣಿಸುತ್ತಾರೆ, ಅದೊಂದು ಮಾಡಿಸಿದರೆ ಸ್ಕ್ಯಾನೂ ಬೇಡ ಎಂಡೋಸ್ಕೋಪಿನೂ ಬೇಡ ಅಂದರು. ಕಾಕಾ ಅದನ್ನೇ ಹಿಡಿದು ಕೂತಿದ್ದಾರೆ. ಪೈಪ್ ಕಂಡರೇ ಅವರಿಗೆ ವಾಕರಿಕೆ. ನಿಜಾನಾ ಇದು?

ಲ್ಯಾಬ್ ಧಾರವಾಡ
ಟೆಸ್ಟ್ ಇರುವುದು ನಿಜ. ಸ್ಕ್ಯಾನ್ ಬೇಡ ಅನ್ನುವುದು ಸುಳ್ಳು.

ಒಂದು ಮಿಲಿ ರಕ್ತದಲ್ಲಿ ಸುಮಾರು 500 ಕೋಟಿ ಕೆಂಪು ಕಣ, ಅದರ ಜೊತೆ ಲಕ್ಷಗಟ್ಟಲೆ ಬಿಳಿ ಕಣ ಇರುತ್ತವೆ. ಕ್ಯಾನ್ಸರ್ ಕಣ ಸಿಕ್ಕರೆ ಒಂದೋ ಎರಡೋ, ಎಷ್ಟೋ ಸಲ ಅದೂ ಇಲ್ಲ. ಸೆಲ್‌ಸರ್ಚ್ ಅನ್ನುವ ಯಂತ್ರದಲ್ಲಿ 7.5 ಮಿಲಿ ರಕ್ತಕ್ಕೆ ಕಬ್ಬಿಣದ ಸೂಕ್ಷ್ಮ ಕಣ ಅಂಟಿಸಿದ ಆ್ಯಂಟಿಬಾಡಿ ಹಾಕುತ್ತಾರೆ. ಅದು ಕ್ಯಾನ್ಸರ್ ಕಣದ ಮೈಮೇಲಿನ ಎಪ್‌ಕ್ಯಾಮ್ ಪ್ರೋಟೀನ್‌ಗೆ ಕಚ್ಚಿಕೊಳ್ಳುತ್ತದೆ, ಆಮೇಲೆ ಅಯಸ್ಕಾಂತ ಎಳೆದುಕೊಳ್ಳುತ್ತದೆ. ಬಣ್ಣ ಹಾಕಿ ನೋಡಿದಾಗ ಅಂಗಗಳ ಒಳಪದರದ ಕಣಗಳಲ್ಲಿರುವ ಸೈಟೋಕೆರಾಟಿನ್ ಅನ್ನುವ ಪ್ರೋಟೀನ್ ಕಾಣಬೇಕು, ನ್ಯೂಕ್ಲಿಯಸ್ ಇರಬೇಕು, ಬಿಳಿ ಕಣದ ಗುರುತಾದ ಸಿಡಿ45 ಇರಬಾರದು. ಆಗ ಮಾತ್ರ ಲೆಕ್ಕಕ್ಕೆ.

ತೊಂದರೆ ಇರುವುದು ಇಲ್ಲೇ. ಹರಡುವ ಹೊತ್ತಿಗೆ ಕೆಲವು ಕಣಗಳು ಈ ಎಪ್‌ಕ್ಯಾಮ್ ಅನ್ನೇ ಕಳಚಿಕೊಂಡಿರುತ್ತವೆ, ಅಯಸ್ಕಾಂತಕ್ಕೆ ಸಿಗುವುದಿಲ್ಲ. ಇನ್ನೊಂದು, ಜಠರದ ರಕ್ತ ಮೊದಲು ಲಿವರ್‌ಗೆ ಹೋಗುತ್ತದೆ, ಕಣಗಳು ಅಲ್ಲೇ ಸಿಕ್ಕಿಕೊಳ್ಳಬಹುದು, ನಾವು ತೆಗೆಯುವುದು ಮಾತ್ರ ಕೈಯ ರಕ್ತ. ಸಾಲದ್ದಕ್ಕೆ ಈ ಕ್ಯಾನ್ಸರ್ ಹೊಟ್ಟೆಯೊಳಗಿನ ಪೊರೆಗೆ ನೇರವಾಗಿ ಹರಡುವುದೂ ಉಂಟು. ರಿಪೋರ್ಟ್‌ನಲ್ಲಿ ಸೊನ್ನೆ ಬಂತು ಅಂತ ಪೇಡೆ ಹಂಚಬೇಡಿ.

ಬ್ಯಾಡಗಿ ಖಾರ
ಹಾಗಂತ ಪೂರ್ತಿ ತಳ್ಳಿಹಾಕಬೇಡಿ ರೀ. ಔಷಧಿ, ಟೆಸ್ಟ್‌ಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ 2004ರಲ್ಲೇ ಸೆಲ್‌ಸರ್ಚ್‌ಗೆ ಒಪ್ಪಿಗೆ ಕೊಟ್ಟಿದೆ. ಕಣ ಜಾಸ್ತಿ ಇದ್ದವರ ಸ್ಥಿತಿ ಬೇಗ ಬಿಗಡಾಯಿಸುತ್ತದೆ ಅಂತ ಜಠರದ ಕ್ಯಾನ್ಸರ್‌ನಲ್ಲೂ ಅಧ್ಯಯನಗಳು ಹೇಳಿವೆ.

ಲ್ಯಾಬ್ ಧಾರವಾಡ
ಆ ಒಪ್ಪಿಗೆ ಸಿಕ್ಕಿದ್ದು ಹರಡಿದ ಸ್ತನ ಕ್ಯಾನ್ಸರ್‌ಗೆ, ಆಮೇಲೆ ದೊಡ್ಡ ಕರುಳು, ಪ್ರೊಸ್ಟೇಟ್ ಸೇರಿದವು. ಜಠರ ಅದರಲ್ಲಿಲ್ಲ. ಅಧ್ಯಯನದ ಮಾತು ಒಪ್ಪುತ್ತೇನೆ, ಆದರೆ ಹತ್ತು ಕಣ ಬಂತು ಅಂತಲೇ ಇಟ್ಟುಕೊಳ್ಳಿ, ಸ್ಕ್ಯಾನ್‌ನಲ್ಲಿ ಏನೂ ಇಲ್ಲದಿದ್ದರೆ ಡಾಕ್ಟರ್ ಆ ನಂಬರ್ ನೋಡಿ ಯಾವ ಔಷಧಿ ಬದಲಿಸಬೇಕು? ಸುಮ್ನೆ ಮನೆಯವರ ನಿದ್ದೆ ಹೋಗುತ್ತದೆ, ಅಷ್ಟೇ.

ಹುಬ್ಬಳ್ಳಿ ಅಕ್ಕ
ನಾನು ಕ್ಯಾನ್ಸರ್ ವಾರ್ಡಿನಲ್ಲಿ ನರ್ಸ್. ಎಂಡೋಸ್ಕೋಪಿಗೆ ಹೆದರುವವರಿಗೆ ಗಂಟಲಿಗೆ ಮರಗಟ್ಟುವ ಸ್ಪ್ರೇ ಹೊಡೆಯುತ್ತಾರೆ, ಬೇಕಾದರೆ ಮಂಪರು ಬರುವ ಇಂಜೆಕ್ಷನ್ನೂ ಕೊಡುತ್ತಾರೆ. ಮೊದಲೇ ಬಾಯಿಬಿಟ್ಟು ಕೇಳಬೇಕು, ನಮ್ಮ ಕಡೆ ಗಂಡಸರು ಕೇಳುವುದೇ ಇಲ್ಲ! ವಿಟಮಿನ್ ಬಿ12 ನೋಡಿಸಿದ್ದೀರಾ? ಜಠರ ತೆಗೆದವರಿಗೆ ಅದು ಕಡಿಮೆಯಾಗುತ್ತದೆ, ಕೈಕಾಲು ಜುಮ್ಮೆನ್ನುತ್ತವೆ. ಇನ್ನು ಬಯಾಪ್ಸಿಯಲ್ಲಿ ಹರ್2 ಅನ್ನುವ ಪ್ರೋಟೀನ್ ನೋಡಿದ್ದಾರಾ ಅಂತ ಕೇಳಿ. ದೇವರು ದೊಡ್ಡವನು, ಹಾಗಾಗದಿರಲಿ, ಆದರೆ ಮುಂದೆ ಕಾಯಿಲೆ ಹರಡಿದರೆ ಟ್ರಾಸ್ಟುಝುಮ್ಯಾಬ್ ಅನ್ನುವ ಔಷಧಿ ಕೊಡಬಹುದಾ ಇಲ್ಲವಾ ಅಂತ ತಿಳಿಯುವುದು ಅದರಿಂದಲೇ.

ಗದಗಿನವ
ಅಕ್ಕಾರ, ಸ್ಪ್ರೇ ವಿಷಯ ಹೇಳಿದ ಮೇಲೆ ಕಾಕಾ ಸ್ವಲ್ಪ ಮೆತ್ತಗಾದರು. ಹರ್2 ರಿಪೋರ್ಟ್ ಫೈಲಿನಲ್ಲಿ ಇಲ್ಲ. ಈಗ ಮಾಡಿಸಬಹುದಾ?

ಹುಬ್ಬಳ್ಳಿ ಅಕ್ಕ
ಮತ್ತೆ ಚುಚ್ಚುವ ಗೋಜಿಲ್ಲ. ಆಪರೇಷನ್‌ನಲ್ಲಿ ತೆಗೆದ ತುಂಡನ್ನು ಮೇಣದ ಬ್ಲಾಕ್ ಮಾಡಿ ಪೆಥಾಲಜಿಯಲ್ಲಿ ಇಟ್ಟಿರುತ್ತಾರೆ. ಬಯಾಪ್ಸಿ ನಂಬರ್ ಇರುವ ಹಳೇ ರಿಪೋರ್ಟ್ ತಗೊಂಡು ಹೋಗಿ, ಹರ್2 ಬೇಕಾ ಅಂತ ಡಾಕ್ಟರ್ ಹತ್ತಿರ ಕೇಳಿ ಬರೆಸಿಕೊಳ್ಳಿ.