ಬೋರ್ಡ್: ನಾಲ್ಕು ಅರ್ಥಕ್ಕೂ ಒಂದೇ ಪದ ಸಿಗುತ್ತದೆಯೇ? (ತುರ್ತು)

ಎಲ್ಲರಿಗೂ ನಮಸ್ಕಾರ. ಹಡಗಿನ ಸಿಬ್ಬಂದಿಗಾಗಿ ಬರೆದ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಒಂದೇ ಪುಟದಲ್ಲಿ ‘ನೋಟಿಸ್ ಬೋರ್ಡ್’, ‘ಆನ್ ಬೋರ್ಡ್’, ‘ಬೋರ್ಡ್ ಅಂಡ್ ಲಾಡ್ಜಿಂಗ್’, ಕಂಪನಿಯ ‘ಬೋರ್ಡ್’ ನಾಲ್ಕೂ ಬಂದಿವೆ. ಎಲ್ಲಕ್ಕೂ ಹೊಂದುವ ಪದ ಇದ್ದರೆ ತಿಳಿಸಿ. ಸಂಜೆಯೊಳಗೆ ಕಳಿಸಬೇಕು.

---

ಇಲ್ಲ. ಹುಡುಕಲೂ ಬೇಡಿ. ಹಳೆಯ ಇಂಗ್ಲಿಷಿನಲ್ಲಿ ‘ಬೋರ್ಡ್’ ಅಂದರೆ ಹಲಗೆಯೂ ಹೌದು, ಹಡಗಿನ ಪಕ್ಕ ಅಥವಾ ಅಂಚೂ ಹೌದು. ಮೂಲ ಒಂದೋ ಎರಡೋ, ವಿದ್ವಾಂಸರು ಕಿತ್ತಾಡಲಿ. ಬೆರೆತಿದ್ದಂತೂ ಬಹಳ ಹಿಂದೆ. ಹಲಗೆ ಮೇಜಾಯಿತು. ಮೇಜಿನ ಮೇಲೆ ಬಡಿಸಿದ ಊಟ ಬೋರ್ಡ್ ಆಯಿತು, ಅದರ ಸುತ್ತ ಕೂತು ತೀರ್ಮಾನ ಮಾಡುವವರೂ ಬೋರ್ಡ್ ಆದರು. ‘ಆನ್ ಬೋರ್ಡ್’ ಮಾತ್ರ ಹಡಗಿನ ಪಕ್ಕದಿಂದ ಬಂದದ್ದು. ‘ಸ್ಟಾರ್‌ಬೋರ್ಡ್’ನಲ್ಲಿ ನಕ್ಷತ್ರ ಹುಡುಕುವವರನ್ನು ಕಂಡಿದ್ದೇನೆ! ಅದು ಚುಕ್ಕಾಣಿಯ ಪಕ್ಕ. ಆಗ ದಿಕ್ಕು ತಿರುಗಿಸುವ ಹುಟ್ಟು ಹಡಗಿನ ಬಲಬದಿಗಿರುತ್ತಿತ್ತು. ಫ್ರೆಂಚಿನಲ್ಲಿ ಸುತ್ತಿ ಬಂದ ‘ಬಾರ್ಡರ್’ ಕೂಡ ಈ ಅಂಚಿನ ನೆಂಟನೇ.

---

ಪಾಠ ಚೆನ್ನಾಗಿದೆ, ಅವರು ಕೇಳಿದ್ದು ಅದಲ್ಲ. ಫಲಕ, ಮಂಡಳಿ ಎಂದು ಸಂಸ್ಕೃತಕ್ಕೆ ಓಡದೆ ಅಚ್ಚಗನ್ನಡದಲ್ಲಿ ಮುಗಿಸಿ: ಹಲಗೆ, ಕೂಟ.

---

ಅಚ್ಚಗನ್ನಡದ ‘ಹಲಗೆ’ಯೇ! ಫಲಕ–ಹಲಗೆ ಶಾಲೆಯ ತತ್ಸಮ-ತದ್ಭವ ಪಟ್ಟಿಯಲ್ಲೇ ಇದೆ.

---

ಆ ಪಟ್ಟಿ ಮಾಡಿದವರಿಗೆ ಎಲ್ಲವೂ ಸಂಸ್ಕೃತದಿಂದಲೇ ಇಳಿಯಬೇಕು. ಹಳಗನ್ನಡದಲ್ಲಿ ‘ಪಲಗೆ’, ತಮಿಳಿನಲ್ಲಿ ‘ಪಲಗೈ’. ಇನ್ನೇನು ಬೇಕು?

---

ಪುರಾವೆ ಬೇಕು. ತಮಿಳಿನಲ್ಲಿದ್ದ ಮಾತ್ರಕ್ಕೆ ದ್ರಾವಿಡವಾಗುವುದಿಲ್ಲ, ತಮಿಳೂ ಸಾಕಷ್ಟು ಎರವಲು ತಂದಿದೆ. ಅರಬ್ಬಿಯಿಂದ ಬಂದ ಕುರ್ಚಿಯ ಮೇಲೆ ಕೂತು ಮಡಿ ಮಾಡಬೇಡಿ. ‘ಕಪ್ಪು ಹಲಗೆ’ ಪಠ್ಯಪುಸ್ತಕದಲ್ಲಿ ಉಳಿಯಿತು, ಮಕ್ಕಳ ಬಾಯಲ್ಲಿ ಇರುವುದು ಬೋರ್ಡು. ಕೊನೆಗೊಂದು ಉಕಾರ ಹಚ್ಚಿಕೊಂಡು ಬೋರ್ಡಿಗೆ, ಬೋರ್ಡಿನಲ್ಲಿ ಎಂದು ವಿಭಕ್ತಿ ಹೊತ್ತು ತಿರುಗುತ್ತಿರುವ ಪದವನ್ನು ಹೊರಗಿನದು ಅನ್ನುವುದು ಯಾವ ವ್ಯಾಕರಣ?

---

ಹಾಗಾದರೆ ಇಂಗ್ಲಿಷ್ ನಿಘಂಟಿಗೆಲ್ಲ ಉಕಾರ ಹಚ್ಚಿ ಕನ್ನಡ ಅನ್ನಿ. ನಮಸ್ಕಾರ.

---

ಎರವಲಿನ ಜಗಳ ನಡೆಯುತ್ತಿರಲಿ. ‘ಸೂಚನಾ ಫಲಕ’, ‘ಹಡಗಿನಲ್ಲಿರುವಾಗ’, ‘ಊಟ-ವಸತಿ’, ‘ಆಡಳಿತ ಮಂಡಳಿ’ ಎಂದು ಹಾಕಿದ್ದೇನೆ. ಉಳಿದದ್ದು ‘ಮ್ಯಾನ್ ಓವರ್‌ಬೋರ್ಡ್’. ‘ಮನುಷ್ಯ ನೀರಿಗೆ ಬಿದ್ದ’ ಸಾಕೇ? ಕೂಗಿ ಹೇಳುವ ಮಾತು, ಚಿಕ್ಕದಿರಬೇಕು.

---

‘ಆಳು ನೀರಿಗೆ!’ ಅನ್ನಿ. ‘ಬಿದ್ದ’ ಬೇಡ, ಬಿದ್ದವಳೂ ಇರಬಹುದು.